ಕಲ್ಲು, ಕಡತ, ಕಂಠ

ಚಿಕ್ಕಬಳ್ಳಾಪುರ ಹೇಗೆ ಹುಟ್ಟಿತೆಂದು ಅಲ್ಲಿನ ಹಿರಿಯರನ್ನು ಕೇಳಿದರೆ ಮೊದಲು ಓಡಿಬರುವುದು ಒಂದು ಮೊಲ. ಆವತಿಯ ನಾಡಪ್ರಭುಗಳ ವಂಶದವನೊಬ್ಬನು, ಆತ ಮಲ್ಲಭೈರೇಗೌಡನೆಂದು ಕೆಲವರೂ ಅವನ ಮಗ ಮರಿಗೌಡನೆಂದು ಕೆಲವರೂ ಹೇಳುತ್ತಾರೆ, ಕೋಡಿಮಂಚನಹಳ್ಳಿಯ ಕಾಡಿನಲ್ಲಿ ಬೇಟೆಯಾಡುತ್ತಿದ್ದಾಗ, ಪ್ರಾಣಭಯದಿಂದ ಪೊದೆ ಸೇರಬೇಕಾಗಿದ್ದ ಮೊಲವೊಂದು ಹಿಂದಿರುಗಿ ನಿಂತು ಬೇಟೆನಾಯಿಗಳನ್ನೇ ಎದುರಿಸಿತಂತೆ. ಇದು ಗಂಡುಮೆಟ್ಟಿನ ನೆಲವೆಂದು ಬಗೆದ ಆ ಪ್ರಭುವು ವಿಜಯನಗರದ ಅರಸರ ಅಪ್ಪಣೆ ಪಡೆದು 1479ರ ಸುಮಾರಿಗೆ ಅಲ್ಲಿ ಕೋಟೆಯನ್ನು ಕಟ್ಟಿಸಿ, ಪೇಟೆಯನ್ನು ನೆಲೆಗೊಳಿಸಿದನಂತೆ. ಕಥೆ ಸೊಗಸಾದುದೇ. ಆದರೆ ಇದೇ ಮೊಲವು ತುಂಗಭದ್ರೆಯ ದಡದಲ್ಲಿ ಹರಿಹರ ಬುಕ್ಕರ ನಾಯಿಗಳನ್ನೂ, ಸಾಬರಮತಿಯ ದಡದಲ್ಲಿ ಅಹಮದ್ ಶಹನ ನಾಯಿಗಳನ್ನೂ ಎದುರಿಸಿ, ಒಂದು ಕಡೆ ವಿಜಯನಗರಕ್ಕೂ ಇನ್ನೊಂದು ಕಡೆ ಅಹಮದಾಬಾದಿಗೂ ಕಾರಣವಾಗಿರುವುದರಿಂದ, ಅದರ ಚಟುವಟಿಕೆಯ ವಿಸ್ತಾರವನ್ನು ನೋಡಿ ಚರಿತ್ರಕಾರನಿಗೆ ಸಂದೇಹ ಹುಟ್ಟುವುದು ಸಹಜವಾಗಿದೆ.

ತನ್ನ ಊರಿನ ಚರಿತ್ರೆಯನ್ನು ಬರೆಯಹೊರಟವನು ಈ ಮೊಲವನ್ನು ಏನು ಮಾಡಬೇಕು? ಊರಿನ ಅಭಿಮಾನವುಳ್ಳವನು ಅದನ್ನು ನಡೆದ ಸಂಗತಿಯೆಂದೇ ಅಚ್ಚುಹಾಕಿಸುತ್ತಾನೆ. ಪಟ್ಟಣದಲ್ಲಿ ಓದಿ ಬಂದವನು ಕಟ್ಟುಕಥೆಯೆಂದು ಅಳಿಸಿಹಾಕುತ್ತಾನೆ. ಇಬ್ಬರೂ ಆತುರಗಾರರು. ಮೊಲ ನಾಯಿಯನ್ನು ಎದುರಿಸಿತೋ ಇಲ್ಲವೋ ಎಂಬುದು ನಮಗೆ ಎಂದಿಗೂ ತಿಳಿಯತಕ್ಕುದಲ್ಲ. ಆದರೆ ಒಂದು ಪಾಳೆಯಗಾರ ಮನೆತನವು ತನ್ನ ಊರಿನ ಜನನಕ್ಕೆ ಸಾಮ್ರಾಜ್ಯದ ರಾಜಧಾನಿಯ ಜನನಕಥೆಯನ್ನೇ ತೊಡಿಸಿತೆಂಬುದು ಆ ಮನೆತನದ ಹಂಬಲವನ್ನು ಕುರಿತು ನಮಗೆ ಒಂದು ವಿಷಯವನ್ನು ಖಂಡಿತವಾಗಿ ತಿಳಿಸುತ್ತದೆ. ಆದಕಾರಣ ಕಥೆಯನ್ನು ಬರೆಯಬೇಕು, ಐತಿಹ್ಯವೆಂದೇ ಬರೆಯಬೇಕು, ಯಾರ ಬಾಯಿಂದ ಯಾವ ಊರಿನಲ್ಲಿ ಕೇಳಿದ್ದೆಂಬುದನ್ನು ಬರೆಯಬೇಕು, ಪಾಠಾಂತರಗಳನ್ನೂ ಜೊತೆಗಿಡಬೇಕು. ಕಲ್ಲು ಹೇಳಿದ್ದು ಯಾವುದು, ಕಡತ ಹೇಳಿದ್ದು ಯಾವುದು, ಕಂಠ ಹೇಳಿದ್ದು ಯಾವುದು ಎಂಬ ಗೆರೆಗಳು ಓದುಗನ ಕಣ್ಣಿಗೆ ಸ್ಪಷ್ಟವಾಗಿ ಕಾಣುವಂತಿದ್ದರೆ, ಸಣ್ಣ ಊರಿನ ಸಣ್ಣ ಇತಿಹಾಸ ಸಂಘವೊಂದು ಹೊರಡಿಸುವ ನಾಲ್ಕು ಪುಟದ ಪತ್ರಿಕೆಯೂ ವಿದ್ವಾಂಸರು ಕೈಗೆತ್ತಿಕೊಳ್ಳಬಹುದಾದ ಆಕರವಾಗುತ್ತದೆಂಬುದು ನನ್ನ ನಂಬಿಕೆ.

ಇಂಥ ಸಂಘಗಳ ಸ್ವರೂಪವನ್ನು ನಾವೆಲ್ಲರೂ ಬಲ್ಲೆವು. ನಿವೃತ್ತರಾದ ಒಬ್ಬಿಬ್ಬರು ಉಪಾಧ್ಯಾಯರು, ಕಾಲೇಜಿನ ಒಬ್ಬ ಇತಿಹಾಸ ಅಧ್ಯಾಪಕರು, ಶಾಸನಗಳ ಹುಚ್ಚು ಹಿಡಿದ ಒಬ್ಬ ವರ್ತಕರು, ಕ್ಯಾಮೆರಾ ಹಿಡಿದು ಬೆಟ್ಟ ಹತ್ತುವ ಕೆಲವು ಹುಡುಗರು, ಇಷ್ಟೇ ಅವರ ಬಲ. ತಾಲ್ಲೂಕು ಸಾಹಿತ್ಯ ಸಮ್ಮೇಳನ ಬಂದಾಗ ಸ್ಮರಣ ಸಂಚಿಕೆಗೆ ಇವರಿಂದ ಒಂದು ಲೇಖನ ಕೇಳುವುದುಂಟು. ಆ ಲೇಖನ ಹಿಂದಿನ ಸಂಚಿಕೆಯ ಲೇಖನವನ್ನೂ, ಅದು ಅದಕ್ಕೂ ಹಿಂದಿನದನ್ನೂ ಅನುಸರಿಸಿ, ಹಿರಿಯರ ಹಾದಿಯಲ್ಲಿ ಹೆಜ್ಜೆ ತಪ್ಪದೆ ನಡೆಯುವುದೂ ಉಂಟು. ಸ್ಮರಣ ಸಂಚಿಕೆಗಳ ಸ್ಥಳಪುರಾಣಗಳನ್ನು ಸಾಲಾಗಿ ಜೋಡಿಸಿ ಓದಿದವರಿಗೆ ಒಂದೇ ತಪ್ಪು ನಾಲ್ಕು ತಲೆಮಾರು ಬದುಕುವ ಬಗೆ ಯಾವುದೆಂದು ತಿಳಿಯುತ್ತದೆ. ಹಾಗೆಂದು ಸಣ್ಣದರಲ್ಲಿ ತಿರಸ್ಕಾರ ಸಲ್ಲದು. 1909ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಿಥಿಕ್ ಸೊಸೈಟಿಯಾಗಲಿ, 1914ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವಾಗಲಿ, ಮೊದಲು ಕೆಲವೇ ಆಸಕ್ತರ ಕೂಟಗಳಾಗಿದ್ದು, ತಮ್ಮ ಟಿಪ್ಪಣಿಗಳನ್ನು ಬಿಡದೆ ಪ್ರಕಟಿಸಿದ್ದರಿಂದಲೇ ಸಂಸ್ಥೆಗಳಾಗಿ ಬೆಳೆದುವು.

ನಂದಿಯ ಸೀಮೆಯಲ್ಲಿ ಈ ಕೆಲಸಕ್ಕೆ ತೊಡಗುವವನಿಗೆ ಎದುರಾಗುವ ಮೊದಲ ತೊಡಕು ಕೇವಲ ಆಡಳಿತದ್ದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದುದು 2007ರಲ್ಲಿ; ಅದಕ್ಕೆ ಹಿಂದಿನ ಸಮಸ್ತ ಬರಹವೂ ಕೋಲಾರದ ಹೆಸರಿನಲ್ಲಿ ಅಡಗಿದೆ. ಬಿ. ಎಲ್. ರೈಸರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯದು; ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳ ಶಾಸನಗಳು ತಾಲ್ಲೂಕುವಾರು ಸಂಖ್ಯೆ ಹೊತ್ತು ಅದರಲ್ಲಿಯೇ ಕುಳಿತಿವೆ. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ರೈಸರು, ತಮ್ಮ ಪಂಡಿತರನ್ನೂ ಪ್ರತಿಕಾರರನ್ನೂ ಹಳ್ಳಿಹಳ್ಳಿಗೆ ಅಟ್ಟಿ ಸಂಸ್ಥಾನದಾದ್ಯಂತ ಒಂಬತ್ತು ಸಾವಿರಕ್ಕೆ ಸಮೀಪವಾದ ಶಾಸನಗಳನ್ನು ಸಂಗ್ರಹಿಸಿದ ಆ ಮಹತ್ಕಾರ್ಯದ ಪ್ರಯೋಜನವನ್ನು ನಾವು ಪಡೆದಿರುವುದು ಅರ್ಧ ಮಾತ್ರವೇ ಎನ್ನಬೇಕು. ಏಕೆಂದರೆ ಪುಸ್ತಕದಲ್ಲಿ ಇರುವ ಕಲ್ಲು ಹೊಲದಲ್ಲಿ ಇನ್ನೂ ನಿಂತಿದೆಯೇ ಎಂದು ಹೋಗಿ ನೋಡಿದವರು ಕಡಮೆ. ಊರಿನ ಸಂಘಕ್ಕೆ ಇದಕ್ಕಿಂತ ಹಿರಿದಾದ ಆರಂಭದ ಕೆಲಸ ಬೇರೊಂದಿಲ್ಲ. ಸಂಪುಟದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಂದು ಹೋಬಳಿಯನ್ನು ಸುತ್ತಿಬರಲಿ. ಕಲ್ಲು ಇದ್ದರೆ ಎಲ್ಲಿದೆ, ಯಾವ ದಿಕ್ಕಿಗೆ ಮುಖಮಾಡಿದೆ, ಎಷ್ಟು ಸಾಲು ನೆಲದಲ್ಲಿ ಹೂತಿದೆ. ಇಲ್ಲವಾದರೆ ಕೊನೆಯ ಬಾರಿ ಕಂಡವರು ಯಾರು, ರಸ್ತೆ ಅಗಲವಾದಾಗ ಹೋಯಿತೇ, ಮನೆಯ ತಳಪಾಯಕ್ಕೆ ಸೇರಿತೇ ಎಂದು ಬರೆದಿಡಲಿ. ಇಲ್ಲವೆಂಬುದೂ ಒಂದು ವರದಿಯೇ.

ಈ ನೆಲದ ಹಿರಿಮೆಗೆ ಅಂಥ ಶೋಧನೆಯು ತಕ್ಕುದೂ ಆಗಿದೆ. ಗಂಗರು ತಮ್ಮ ಬಿರುದಾವಳಿಯಲ್ಲಿ ಕುವಲಾಲಪುರದ ಒಡೆತನದ ಜೊತೆಗೆ ನಂದಗಿರಿನಾಥರೆಂಬ ಹೆಸರನ್ನೂ ಶತಮಾನಗಳ ಕಾಲ ಹೊತ್ತರು. ನಂದಿಯ ತಪ್ಪಲಿನ ಭೋಗನಂದೀಶ್ವರನ ಆಲಯಕ್ಕೆ ಸಂಬಂಧಿಸಿದ ಆಧಾರಗಳು ಒಂಬತ್ತನೆಯ ಶತಮಾನದ ಆದಿಭಾಗಕ್ಕೆ ಹೋಗುತ್ತವೆ. ಬಾಣ ವಂಶದ ರಾಣಿ ರತ್ನಾವಳಿಯು ಶಿವಾಲಯವನ್ನು ಕಟ್ಟಿಸಿ ದತ್ತಿ ಬಿಟ್ಟ ಸಂಗತಿ ತಾಮ್ರಪಟದಲ್ಲಿದೆ. ಅದೇ ಪ್ರಾಕಾರದಲ್ಲಿ ಚೋಳರ ಕೈವಾಡವೂ, ಹೊಯ್ಸಳರ ಕಾಲದ ಸೂಕ್ಷ್ಮ ಕೆತ್ತನೆಯೂ, ವಿಜಯನಗರದ ಮಂಟಪಗಳೂ ಒಂದರ ಮೇಲೊಂದು ಪದರಗಳಾಗಿ ಕೂಡಿವೆ. ಬೆಟ್ಟದ ಮೇಲಣ ದುರ್ಗವು 1791ರ ಅಕ್ಟೋಬರ್ 19ರಂದು ಕಾರ್ನ್‌ವಾಲಿಸನ ಸೇನೆಗೆ ವಶವಾಯಿತೆಂಬುದನ್ನು ಪ್ರವಾಸಿ ಕೈಪಿಡಿಗಳೆಲ್ಲ ಹೇಳುತ್ತವೆ. ಅದನ್ನೇ ಮತ್ತೆ ಬರೆಯುವುದರಲ್ಲಿ ಊರಿನ ಸಂಘ ತನ್ನ ಕಾಗದವನ್ನು ವ್ಯಯಮಾಡಬೇಕಾದುದಿಲ್ಲ. ಅದಕ್ಕಿಂತ, ಬಯಲಿನ ಹಳ್ಳಿಗಳಲ್ಲಿ ಎಣ್ಣೆಯ ಜಿಡ್ಡು ಹಿಡಿದು ನಿಂತಿರುವ ವೀರಗಲ್ಲುಗಳತ್ತ ತಿರುಗುವುದು ಮೇಲು. ಗಂಗರು, ನೊಳಂಬರು, ಬಾಣರು, ವೈದುಂಬರು ಪರಸ್ಪರ ಕಾದಾಡಿದ ಗಡಿನಾಡಿದು. ತುರು ಕಾಯಲು ಹೋಗಿ ಸತ್ತವನಿಗೂ, ಒಡೆಯನಿಗಾಗಿ ಬಿದ್ದವನಿಗೂ ಕಲ್ಲುಗಳು ನಿಂತಿವೆ, ಅವರ ಮನೆಯವರಿಗೆ ಕಲ್ನಾಡು ನೆತ್ತರುಗೊಡಗೆಗಳೆಂದು ಭೂಮಿ ಸಂದಿದೆ. ಇಂದು ಆ ಕಲ್ಲಿಗೆ ಹಳ್ಳಿಯವರು ಯಾವುದೋ ದೇವರ ಹೆಸರು ಕೊಟ್ಟು ಅರಿಸಿನ ಕುಂಕುಮ ಹಚ್ಚುತ್ತಿದ್ದರೆ, ಆ ಹೆಸರನ್ನೂ ಪೂಜೆಯ ವಾರವನ್ನೂ ಬರೆದುಕೊಳ್ಳದೆ ಕೇವಲ ಅಕ್ಷರಗಳನ್ನು ಮಾತ್ರ ಪ್ರತಿಮಾಡಿಕೊಂಡು ಬರುವವನು, ಆ ಕಲ್ಲು ಸಾವಿರ ವರ್ಷ ಉಳಿದುದು ಯಾವ ಕಾರಣದಿಂದಲೋ ಆ ಕಾರಣವನ್ನೇ ಅಲ್ಲಿ ಬಿಟ್ಟು ಬಂದಂತಾಯಿತು.

ಕೆರೆಗಳ ವಿಷಯವೂ ಹಾಗೆಯೇ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿಗಳು ಈ ಬೆಟ್ಟಸಾಲಿನ ಆಸುಪಾಸಿನಲ್ಲಿಯೇ ಹುಟ್ಟಿಯೂ ಇಲ್ಲಿನವರಿಗೆ ತುಂಬಿ ಹರಿಯುವ ಹೊಳೆಯ ಸುಖ ದೊರೆತಿಲ್ಲ. ಹುಟ್ಟಿದ ಹೆಣ್ಣುಮಕ್ಕಳೆಲ್ಲ ಪರಸ್ಥಳಕ್ಕೆ ಸೇರಿದ ತವರಿನಂತೆ ಈ ಸೀಮೆ ಒಣಗಿದೆ. ಆದುದರಿಂದಲೇ ಇಲ್ಲಿ ಏರಿ, ತೂಬು, ಕೋಡಿಗಳಿಗೆ ಅಷ್ಟು ಬೆಲೆ. ಕೆರೆ ಕಟ್ಟಿಸಿದವನಿಗೆ ಕೊಟ್ಟ ಕಟ್ಟುಗೊಡಗೆಯೂ, ದುರಸ್ತಿಗೆಂದು ಬಿಟ್ಟ ದಶವಂದವೂ ಶಾಸನಗಳಲ್ಲಿವೆ. ನೀರು ಹಂಚುತ್ತಿದ್ದ ನೀರಗಂಟಿಯ ಕಟ್ಟಳೆಗಳು ಮಾತ್ರ ಇಳಿವಯಸ್ಸಿನ ಕೆಲವರ ನೆನಪಿನಲ್ಲಿವೆ. ಕಲ್ಲಿನಲ್ಲಿರುವುದಕ್ಕೆ ಆತುರವಿಲ್ಲ, ನೆನಪಿನಲ್ಲಿರುವುದಕ್ಕೆ ಇದೆ.

ಶಾಸನ ಓದುವ ಉತ್ಸಾಹಕ್ಕೆ ಒಂದೆರಡು ಎಚ್ಚರಿಕೆಗಳು ಅಗತ್ಯ. ಅಕ್ಷರ ಎದ್ದು ಕಾಣಲೆಂದು ಮೈದಾಹಿಟ್ಟನ್ನೋ ಸುಣ್ಣವನ್ನೋ ಬಣ್ಣವನ್ನೋ ಬಳಿಯುವ ಅಭ್ಯಾಸ ಕೆಲವರಲ್ಲಿದೆ, ಅದನ್ನು ಬಿಡಬೇಕು. ಕತ್ತಲಾದ ಮೇಲೆ ಟಾರ್ಚಿನ ಬೆಳಕನ್ನು ಕಲ್ಲಿಗೆ ಓರೆಯಾಗಿ ಬೀರಿದರೆ, ಹಗಲಲ್ಲಿ ಕಾಣದ ಸಾಲುಗಳೂ ನೆರಳುಗೂಡಿ ಮೇಲೇಳುತ್ತವೆ, ಕಲ್ಲಿಗೆ ಅಪಾಯವಿಲ್ಲ. ತೇವದ ಕಾಗದವನ್ನು ಬ್ರಷ್ಷಿನಿಂದ ಬಡಿದು ಕೂರಿಸಿ ಮಸಿ ಒತ್ತಿ ಅಚ್ಚು ತೆಗೆಯುವುದು ಕಲಿತವರ ಕೆಲಸ. ಈಚೆಗೆ ಮಿಥಿಕ್ ಸೊಸೈಟಿಯು ಬೆಂಗಳೂರು ಪ್ರದೇಶದ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗಿನಿಂದ ದಾಖಲಿಸುತ್ತಿದೆ. ಈ ಕಾರ್ಯದ ಬೇರು ನಾಗರಿಕರ ಸ್ವಯಂಪ್ರೇರಣೆಯಲ್ಲಿದೆ ಎಂಬುದನ್ನು ಸಣ್ಣ ಊರಿನವರು ಗಮನಿಸಬೇಕು. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ದೊರೆತ, ಶ್ರೀಪುರುಷನ ಕಾಲದ, ಸುಮಾರು 750ರ ಕಿತ್ತಯ್ಯನ ವೀರಗಲ್ಲಿಗೆ ಅಂಥವರ ಪ್ರಯತ್ನದಿಂದಲೇ ಒಂದು ಮಂಟಪವಾಯಿತು.

ಎರಡನೆಯ ಎಚ್ಚರಿಕೆ ನಿಧಿಯದು. ಶಾಸನವಿದ್ದಲ್ಲಿ ಹೊನ್ನು ಹೂತಿದೆಯೆಂಬ ಭ್ರಾಂತಿ ನಮ್ಮ ಜನದಲ್ಲಿ ಇನ್ನೂ ಹೋಗಿಲ್ಲ. ಅಮಾವಾಸ್ಯೆಯ ರಾತ್ರಿ ಹಾರೆ ಹಿಡಿದು ಬರುವವರ ಕೈಯಲ್ಲಿ ನಂದಿಯ ವಿಗ್ರಹಗಳು ಉರುಳಿವೆ, ಕಲ್ಲುಗಳು ಸೀಳಿವೆ. ಆದುದರಿಂದ ನಿರ್ಜನವಾದ ಗುಡ್ಡದ ಗುಡಿಯೊಂದರ ನೆಲೆಯನ್ನು ಸಂಘದ ಕಡತದಲ್ಲಿ ಅಂಗುಲ ತಪ್ಪದೆ ಬರೆದಿಡುವುದೂ, ಪತ್ರಿಕೆಯಲ್ಲಿ ಊರಿನ ಹೆಸರಿಗೇ ನಿಲ್ಲಿಸುವುದೂ ವಿವೇಕ. ನಾಣ್ಯವೋ ಚಿನ್ನವೋ ಮಣ್ಣಿನಲ್ಲಿ ದೊರೆತರೆ, ಅಂಥ ಹುದುಗುನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾಯಿದೆ ವಿಧಿಸುತ್ತದೆ. ಲೇಖನ ಬರೆಯುವುದು ಆಮೇಲೆ.

ಕಲ್ಲಿನ ಮಾತು ಹೀಗಾದರೆ, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಊರ ಚರಿತ್ರೆಕಾರನಿಗೆ ಇದಕ್ಕಿಂತ ಕಠಿನವಾದ ಪರೀಕ್ಷೆ ಕಾದಿದೆ. ಉತ್ತರ ಪಿನಾಕಿನಿಯ ದಡದ ಈ ಕ್ಷೇತ್ರ, ವಿದುರನು ನೆಟ್ಟನೆಂದು ಭಕ್ತರು ನಂಬಿದ ಅಶ್ವತ್ಥವೃಕ್ಷಕ್ಕೂ, ಸಂತಾನಾರ್ಥಿಗಳು ಪ್ರತಿಷ್ಠಿಸಿದ ಅಸಂಖ್ಯ ನಾಗರಕಲ್ಲುಗಳಿಗೂ ಮೊದಲಿನಿಂದ ಪ್ರಸಿದ್ಧವಾದುದು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದು, ರಾಷ್ಟ್ರಧ್ವಜವನ್ನು ಹಾರಿಸುವ ಹುಮ್ಮಸ್ಸು ಸಂಸ್ಥಾನದ ಮೂಲೆಮೂಲೆಗೂ ಹಬ್ಬಿದ ಕಾಲದಲ್ಲಿ, ಆ ತಿಂಗಳ 25ರಂದು ಇಲ್ಲಿ ನೆರೆದ ಜನಸಮೂಹದ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸರಕಾರದ ಲೆಕ್ಕದಲ್ಲಿ ಸತ್ತವರು 10 ಮಂದಿ. ಜನರ ಲೆಕ್ಕದಲ್ಲಿ 32. ಪುಸ್ತಕದಿಂದ ಪುಸ್ತಕಕ್ಕೆ ಇನ್ನೂ ಬೇರೆ ಅಂಕಿಗಳು ಕಾಣುತ್ತವೆ. ಸುದ್ದಿ ಗಾಂಧೀಜಿಯವರನ್ನು ಮುಟ್ಟಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮೇ ತಿಂಗಳಲ್ಲಿ ಒಪ್ಪಂದವಾಗಿ, ಮೈಸೂರು ಕಾಂಗ್ರೆಸ್ಸಿಗೆ ಸರಕಾರದ ಮಾನ್ಯತೆ ದೊರೆಯಿತು, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವೂ ಹಾರಬಹುದಾಯಿತು. ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆಯೂ ನಡೆಯಿತು.

ಈ ಸಂಗತಿಯನ್ನು ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಕರೆಯುವ ರೂಢಿಯಿದೆ. ಗೌರವದಿಂದ ಹುಟ್ಟಿದ ರೂಢಿಯೆಂಬುದನ್ನು ಒಪ್ಪುತ್ತೇನೆ. ಆದರೂ ಈ ಹೋಲಿಕೆ ವಿದುರಾಶ್ವತ್ಥಕ್ಕೆ ಉಪಕಾರ ಮಾಡಿದೆಯೇ ಎಂಬುದು ನನಗೆ ಸಂಶಯ. ಅಮೃತಸರದಲ್ಲಿ ಗುಂಡಿನ ಹಿಂದೆ ಇದ್ದುದು ಪರರಾಜ್ಯದ ಸೇನೆ; ಇಲ್ಲಿ ಇದ್ದುದು, ಮಾದರಿ ಸಂಸ್ಥಾನವೆಂದು ದೇಶವೇ ಹೊಗಳುತ್ತಿದ್ದ ನಮ್ಮದೇ ಅರಸೊತ್ತಿಗೆಯ ಪೋಲೀಸು. ರಾಜಭಕ್ತಿಯೂ ದೇಶಭಕ್ತಿಯೂ ಒಂದೇ ಎದೆಯಲ್ಲಿ ನೆಲಸಿದ್ದ ಜನ, ಅವೆರಡೂ ಎದುರುಬದುರಾದ ಆ ಮಧ್ಯಾಹ್ನ ಏನನ್ನು ಅನುಭವಿಸಿದರೆಂಬುದೇ ಇಲ್ಲಿನ ವಿಶೇಷ. ಹೋಲಿಕೆಯ ಹೊದಿಕೆ ಹೊದ್ದಿಸಿದರೆ ಆ ವಿಶೇಷವೇ ಮರೆಯಾಗುತ್ತದೆ.

ಹಾಗಾದರೆ ಸತ್ತವರ ಸಂಖ್ಯೆಯನ್ನು ಏನೆಂದು ಬರೆಯುವುದು? ದೊಡ್ಡ ಗ್ರಂಥಕಾರನು ಒಂದು ಅಂಕಿಯನ್ನು ಆರಿಸಿಕೊಂಡು ಮುಂದೆ ಸಾಗಬಹುದು. ಊರಿನವನಿಗೆ ಆ ಸೌಲಭ್ಯವಿಲ್ಲ, ಇರಲೂ ಬಾರದು. ಅವನು ಎರಡೂ ಲೆಕ್ಕಗಳನ್ನು ಅವುಗಳ ಮೂಲದೊಡನೆ ಕೊಡಬೇಕು. ಅನಂತರ ದೊಡ್ಡವರಿಂದ ಆಗದ ಒಂದು ಕೆಲಸ ಅವನಿಂದ ಆಗುತ್ತದೆ: ಸುತ್ತಣ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಆ ದಿನ ಜಾತ್ರೆಗೆಂದೋ ಸಭೆಗೆಂದೋ ಹೊರಟು ಹಿಂದಿರುಗದವರು ತಮ್ಮ ವಂಶದಲ್ಲಿ ಇದ್ದರೇ ಎಂದು ಕೇಳುವುದು. ಗುಂಡೇಟಿನಿಂದ ಅಂದೇ ಸತ್ತವರಾರು, ಗಾಯಗೊಂಡು ಮನೆ ಸೇರಿ ತಿಂಗಳ ಮೇಲೆ ಸತ್ತವರಾರು, ಸರಕಾರದ ಭಯದಿಂದ ಸಾವಿನ ಕಾರಣವನ್ನೇ ಮುಚ್ಚಿಟ್ಟ ಮನೆ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿದಲ್ಲಿ, ಎರಡು ಲೆಕ್ಕಗಳ ನಡುವಣ ಕಂದಕ ಸ್ವಲ್ಪವಾದರೂ ಅರ್ಥವಾಗಬಹುದು. ಕಂಡವರು ಇಂದು ಉಳಿದಿರುವುದು ಅಪರೂಪವೇ ಸರಿ. ಕಂಡವರಿಂದ ಕೇಳಿದವರು ಇದ್ದಾರೆ. ಕೇಳಿದ್ದನ್ನು ಕಂಡದ್ದೆಂದು ಬರೆಯಬಾರದು, ಅಷ್ಟೆ. ಅಲ್ಲಿನ ವೀರಸೌಧದ ಚಿತ್ರಶಾಲೆ ಸ್ವಾತಂತ್ರ್ಯದ ಹೋರಾಟವನ್ನು ವಿಸ್ತಾರವಾಗಿ ತೋರಿಸುತ್ತದೆ. ಹಳ್ಳಿಗಳ ಈ ಮನೆವಾರು ಟಿಪ್ಪಣಿಗಳು ಅದರ ಪಕ್ಕದಲ್ಲಿ ಒಂದು ಕಪಾಟಿನಲ್ಲಿ ಸೇರಿದರೆ ಸಾಕು.

ಆಧಾರ ಕೇಳುವುದು ಅಗೌರವವೆಂದು ಭಾವಿಸುವವರು ಗೌರಿಬಿದನೂರಿನಲ್ಲಿ ಇರಲಾರರೆಂದು ನಾನು ಆಶಿಸುತ್ತೇನೆ; ಏಕೆಂದರೆ ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ಅದೇ ತಾಲ್ಲೂಕಿನದು. 1920ರಲ್ಲಿ ಬಡತನದ ಮನೆಯಲ್ಲಿ ಹುಟ್ಟಿ, ಓದುವುದಕ್ಕಾಗಿ ಊರಿನಿಂದ ಬೆಂಗಳೂರಿಗೆ ನಡೆದೇ ಹೋದ ಆ ಹುಡುಗ, ಭೌತಶಾಸ್ತ್ರದ ಅಧ್ಯಾಪಕರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, 1976ರಲ್ಲಿ ಪವಾಡಗಳನ್ನು ಪರಿಶೀಲಿಸುವ ಸಮಿತಿಗೆ ಅಧ್ಯಕ್ಷರಾದಾಗ ಎಬ್ಬಿಸಿದ ಚರ್ಚೆ ಇನ್ನೂ ತಣಿದಿಲ್ಲ. ಅವರ ಆತ್ಮಕಥೆ ‘ಹೋರಾಟದ ಹಾದಿ’ಯನ್ನು ಆ ತಾಲ್ಲೂಕಿನ ಬಾಲ್ಯದ ದಾಖಲೆಯಾಗಿಯೂ ಓದಬಹುದು. ಅಂದಹಾಗೆ, ಊರ ಚರಿತ್ರೆಯೆಂದರೆ ಹಳತು ಮಾತ್ರವೆಂಬ ಕಲ್ಪನೆಯನ್ನು ಮುರಿಯುವುದಕ್ಕೂ ಗೌರಿಬಿದನೂರೇ ಸಾಕು: 1960ರ ದಶಕದ ಮಧ್ಯದಲ್ಲಿ ದೂರದೇಶಗಳ ಭೂಗತ ಅಣುಸ್ಫೋಟಗಳನ್ನು ಗುರುತಿಸಲೆಂದು ಅಲ್ಲಿ ಭೂಕಂಪಮಾಪಕಗಳ ಸಾಲು ನೆಲೆಗೊಂಡಿತು, 1976ರಿಂದ ಒಂದು ಸಾವಿರ ದ್ವಿಧ್ರುವಗಳನ್ನು ಟಿ ಆಕಾರದಲ್ಲಿ ಹರಡಿದ ರೇಡಿಯೋ ದೂರದರ್ಶಕ ಆಕಾಶದ ಸದ್ದಿಗೆ ಕಿವಿಗೊಟ್ಟಿತು. ಪೂರ್ವಪಶ್ಚಿಮವಾಗಿ ಒಂದೂವರೆ ಕಿಲೋಮೀಟರಿಗೆ ಹತ್ತಿರವಾದ ಆ ತಂತಿಗಳ ತೋಪನ್ನು ಕಾದವರು, ಕಂಬ ನೆಟ್ಟವರು, ಭೂಮಿ ಬಿಟ್ಟುಕೊಟ್ಟವರು ಊರಿನವರೇ ತಾನೆ? ವಿಜ್ಞಾನಿಗಳ ಪ್ರಬಂಧಗಳಲ್ಲಿ ಅವರಿಗೆ ಸ್ಥಳವಿಲ್ಲ.

ಚಿಂತಾಮಣಿಗೆ ಬಂದರೆ ಸಾಕ್ಷ್ಯದ ಭಾಷೆಯೇ ಬದಲಾಗುತ್ತದೆ. ಮರಾಠ ಸರದಾರನಾದ ಚಿಂತಾಮಣಿರಾಯನಿಂದ ಊರಿಗೆ ಹೆಸರು ಬಂತೆಂದು ಗೆಜೆಟಿಯರು ಹೇಳುತ್ತದೆ; ಅಂಬಾಜಿದುರ್ಗವೂ ರಹಮಾನ್‌ಗಢವೂ ಹತ್ತಿರದ ಬೆಟ್ಟಗಳಲ್ಲಿವೆ; ಮುರುಗಮಲ್ಲದ ದರ್ಗಕ್ಕೆ ಹಿಂದೂಗಳೂ ಮುಸಲ್ಮಾನರೂ ಹರಕೆ ಹೊತ್ತು ಬರುತ್ತಾರೆ; ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಇಲ್ಲಿನ ಅತಿ ದೊಡ್ಡ ಆಕರವಾದ ಕೈವಾರದ ನಾರಾಯಣಪ್ಪನವರ, ಭಕ್ತರ ಬಾಯಲ್ಲಿ ಕೈವಾರ ತಾತಯ್ಯನವರ, ಪದಗಳು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಇವೆ; ಅವರ ಕಾಲಜ್ಞಾನ ತೆಲುಗಿನದು. ತೆಲುಗು ಬಾರದ, ಇಲ್ಲವೆ ಬಂದರೂ ಬಾರದೆಂದು ನಟಿಸುವ ಕನ್ನಡದ ಬರಹಗಾರ ಈ ತಾಲ್ಲೂಕಿನ ಚರಿತ್ರೆಯ ಅರ್ಧವನ್ನು ಹೊರಗಿಟ್ಟೇ ಬರೆಯಬೇಕಾಗುತ್ತದೆ. ತಾತಯ್ಯನವರು ಬಳೆ ಮಾರುತ್ತಿದ್ದವರೆಂದೂ, 1726ರಲ್ಲಿ ಹುಟ್ಟಿ 1836ರಲ್ಲಿ ಸಮಾಧಿಸ್ಥರಾದರೆಂದೂ ಸಂಪ್ರದಾಯ ಹೇಳುತ್ತದೆ. ನೂರಹತ್ತು ವರ್ಷಗಳ ಆ ಆಯುಸ್ಸನ್ನು ಸಂಪ್ರದಾಯದ ಮಾತೆಂದೇ ಬರೆದರೆ ಭಕ್ತರಿಗೂ ನೋವಿಲ್ಲ, ಸತ್ಯಕ್ಕೂ ಲೋಪವಿಲ್ಲ. ಪಾಳೆಯಗಾರರ ಅಳಿವು, ಹೈದರ್ ಟಿಪ್ಪುಗಳ ಆಳ್ವಿಕೆ, ಇಂಗ್ಲಿಷರ ದಂಡು, ಒಡೆಯರ ಪುನಃಸ್ಥಾಪನೆ ಇವೆಲ್ಲ ಆ ಅವಧಿಯೊಳಗೆ ಬರುವುದರಿಂದ, ಆ ಕಾಲದ ಹಳ್ಳಿಯೊಂದರ ದೃಷ್ಟಿಗೆ ಲೋಕ ಹೇಗೆ ಕಂಡಿತೆಂಬುದನ್ನು ತಿಳಿಯಲು ಸೈನ್ಯದ ಡೈರಿಗಳಿಗಿಂತ ಈ ಪದಗಳು ಹೆಚ್ಚಾಗಿ ಒದಗುತ್ತವೆ. ಕೈವಾರವೇ ಏಕಚಕ್ರನಗರ, ಭೀಮ ಬಕನನ್ನು ಕೊಂದುದು ಇಲ್ಲಿಯೇ ಎಂಬ ನಂಬಿಕೆಯೂ ಬಲವಾಗಿದೆ. ವಂಗದೇಶದ ಬೀರಭೂಮಿಯಲ್ಲಿಯೂ ಒಂದು ಏಕಚಕ್ರವಿದೆ. ಎರಡರ ನಡುವೆ ತೀರ್ಪು ಹೇಳಲು ಹೊರಟವನಿಗೆ ಬಕನೇ ಗತಿ.

ಶಿಡ್ಲಘಟ್ಟದ ಚರಿತ್ರೆಯನ್ನು ಬರೆಯಬೇಕಾದ ರೀತಿ ಬೇರೆ. ಏಷ್ಯಾದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದನ್ನು ಹೊಂದಿದ ಆ ಪಟ್ಟಣದ ನಿಜವಾದ ಪಂಡಿತರು ಹುಳು ಸಾಕುವ ರೈತರು, ನೂಲು ಬಿಚ್ಚುವ ರೀಲರುಗಳು, ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡ ಕೂಲಿಯ ಹೆಂಗಸರು. ಸ್ವೀಡನ್ನಿನ ಸ್ವೆನ್ ಲಿಂಡ್‌ಕ್ವಿಸ್ಟ್ ಎಂಬ ಲೇಖಕ 1978ರಲ್ಲಿ, ಸಿಮೆಂಟು ಕಾರ್ಖಾನೆಯ ಚರಿತ್ರೆಯನ್ನು ಕಾರ್ಖಾನೆಯ ಕೆಲಸಗಾರರೇ ಶೋಧಿಸಿ ಬರೆಯಬೇಕೆಂದು ಪುಸ್ತಕವೊಂದನ್ನು ರಚಿಸಿ, ತಾವು ನಿಂತ ಜಾಗದಲ್ಲಿಯೇ ಅಗೆಯಿರೆಂದು ಹೇಳಿದಾಗ, ಆ ದೇಶದಲ್ಲಿ ಎಷ್ಟೋ ಅಧ್ಯಯನ ಕೂಟಗಳು ಎದ್ದುವು. ಶಿಡ್ಲಘಟ್ಟದಲ್ಲಿ ಹಾಗೆ ಅಗೆಯುವವನಿಗೆ ಸಾಮಗ್ರಿಯ ಕೊರತೆಯಿಲ್ಲ. ಒಂದನ್ನು ಮಾತ್ರ ಉದಾಹರಿಸುತ್ತೇನೆ. ಹುಳು ಪೊರೆಬಿಡುವ ಅವಸ್ಥೆಗೆ ಸಾಕುವವರು ಜ್ವರವೆನ್ನುತ್ತಾರೆ; ನಾಲ್ಕು ಜ್ವರ ಕಳೆದು, ಹುಳು ಹಣ್ಣಾಗಿ, ಚಂದ್ರಿಕೆ ಏರಿ ಗೂಡು ಕಟ್ಟುವವರೆಗೆ ಆ ಮನೆಯಲ್ಲಿ ಯಾರು ನಿದ್ದೆಗೆಡುತ್ತಿದ್ದರು, ಸೊಪ್ಪು ಯಾರು ತರುತ್ತಿದ್ದರು, ಹುಳುಮನೆಗೆ ಯಾರಿಗೆ ಪ್ರವೇಶವಿರಲಿಲ್ಲ, ಬೆಳೆ ಕೆಟ್ಟರೆ ಯಾವ ದೇವರಿಗೆ ಹರಕೆ, ಗೂಡು ಮಾರಿದ ಹಣ ಯಾರ ಕೈ ಸೇರುತ್ತಿತ್ತು ಎಂದು ಒಬ್ಬ ಮುದುಕಿಯನ್ನು ಕುಳ್ಳಿರಿಸಿ ಕೇಳಿದರೆ, ಆ ಒಂದು ಸಂಭಾಷಣೆಯಲ್ಲಿ ಕುಟುಂಬದ ಅರ್ಥವ್ಯವಸ್ಥೆಯೇ ಹೊರಬರುತ್ತದೆ. ರೀಲರುಗಳ ಮನೆಗಳಲ್ಲಿ ಬಹಳಷ್ಟು ಕಡೆ ಉರ್ದು. ಚರಕದಿಂದ ಕಾಟೇಜ್ ಬೇಸಿನ್ನಿಗೆ, ಅಲ್ಲಿಂದ ಸ್ವಯಂಚಾಲಿತ ಯಂತ್ರಕ್ಕೆ ಅವರು ದಾಟಿಬಂದ ಹಾದಿಯನ್ನು ಅವರ ಮಾತಿನಲ್ಲಿಯೇ ಧ್ವನಿಮುದ್ರಿಸಿಕೊಳ್ಳುವುದು ಉತ್ತಮ. ಹೇಳಿದವರ ಒಪ್ಪಿಗೆಯಿಲ್ಲದೆ ಹೆಸರು ಹಾಕಬಾರದು; ಸಾಲದ ಲೆಕ್ಕವನ್ನಂತೂ ಒಪ್ಪಿಗೆಯಿದ್ದರೂ ಯೋಚಿಸಿಯೇ ಹಾಕಬೇಕು.

ಬಂಗಾರಪೇಟೆಯಿಂದ ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಮೂಲಕ ಯಲಹಂಕದತ್ತ ಓಡುತ್ತಿದ್ದ ಕಿರುದಾರಿಯ ರೈಲು ಇನ್ನೊಂದು ವಿಷಯ. 1910ರ ದಶಕದಲ್ಲಿ ಬಂದ ಆ ದಾರಿ ಹಂತಹಂತವಾಗಿ ಅಗಲವಾಗಿ, ಚಿಕ್ಕಬಳ್ಳಾಪುರ ಕೋಲಾರಗಳ ನಡುವಣ ಭಾಗ 2013ರಲ್ಲಿ ಮುಗಿಯಿತು. ನಂದಿ ಹಾಲ್ಟಿನ ಹಳೆಯ ನಿಲ್ದಾಣಕ್ಕೆ ಈಚೆಗೆ ಜೀರ್ಣೋದ್ಧಾರವೂ ಆಗಿದೆ. ಕಟ್ಟಡ ಉಳಿಯಿತು, ಅದರಲ್ಲಿ ಟಿಕೇಟು ಹರಿದವರ, ಗೂಡಿನ ಮೂಟೆ ಏರಿಸಿದವರ ನೆನಪುಗಳನ್ನು ಯಾರಾದರೂ ಬರೆದುಕೊಂಡರೆ ಸರಿ.

ಇಷ್ಟೆಲ್ಲವನ್ನೂ ಒಂದು ಹೆಬ್ಬೊತ್ತಗೆಯಾಗಿ ಹೊರತರುವ ಆಸೆಯೇ ಸಣ್ಣ ಸಂಘಗಳನ್ನು ಕೊಲ್ಲುವ ರೋಗ. ಹತ್ತು ವರ್ಷ ಸಾಮಗ್ರಿ ಕೂಡಿಸಿ, ಹಣ ಕೂಡದೆ, ಕೂಡಿಸಿದವರು ತೀರಿಕೊಂಡು, ಕಾಗದಗಳು ಅಟ್ಟ ಸೇರಿ ಗೆದ್ದಲಿಗೆ ಸಂದ ದೃಷ್ಟಾಂತಗಳು ಬೇಕಾದಷ್ಟಿವೆ. ತಿಂಗಳಿಗೊಂದು ಟಿಪ್ಪಣಿ, ಒಂದು ಕಲ್ಲು ಇಲ್ಲವೆ ಒಂದು ಮನೆ ಇಲ್ಲವೆ ಒಬ್ಬ ಹಿರಿಯರು, ಎರಡು ಪುಟಕ್ಕೆ ಮೀರದಂತೆ. ತಲೆಯಲ್ಲಿ ಊರು, ಹೋಬಳಿ, ನೋಡಿದ ದಿನಾಂಕ. ನಡುವೆ ಕಂಡದ್ದು, ಓದಿದ್ದು, ಕೇಳಿದ್ದು ಬೇರೆ ಬೇರೆಯಾಗಿ. ಕಾಲಲ್ಲಿ ಬರೆದವರ ಹೆಸರು. ಪ್ರತಿ ಸಂಚಿಕೆಯ ಒಂದೊಂದು ಪ್ರತಿ ತಾಲ್ಲೂಕು ಗ್ರಂಥಾಲಯಕ್ಕೂ, ಬೆಂಗಳೂರಿನ ಯಾವುದಾದರೂ ಸಂಶೋಧನ ಗ್ರಂಥಾಲಯಕ್ಕೂ ತಪ್ಪದೆ ಹೋಗಬೇಕು. ಊರಿನಲ್ಲಿ ಒಂದೇ ಕಡೆ ಇದ್ದುದು ಎಲ್ಲಿಯೂ ಇಲ್ಲದಂತೆಯೇ.

ಕೊನೆಯ ಪುಟದಲ್ಲಿ ತಿದ್ದುಪಡಿಗೆಂದು ಒಂದು ಅಂಕಣ ಇರಲಿ. ಅದು ಖಾಲಿಯಾಗಿ ಉಳಿಯುವ ಭಯವಿಲ್ಲ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಸೆಪ್ಟೆಂಬರ್ 15ರಂದು ಹುಟ್ಟಿದ ವಿಶ್ವೇಶ್ವರಯ್ಯನವರ ಜನ್ಮವರ್ಷವನ್ನು ಕೆಲವು ಪುಸ್ತಕಗಳು 1860 ಎಂದೂ ಕೆಲವು 1861 ಎಂದೂ ಅಚ್ಚುಮಾಡುತ್ತಿವೆ. ಅಂಗುಲದ ಲೆಕ್ಕವನ್ನೂ ಬಿಡದಿದ್ದ ಆ ಎಂಜಿನಿಯರರ ಊರಿನಿಂದ ಎಂಟು ಕಿಲೋಮೀಟರಿನ ಆಸುಪಾಸಿನಲ್ಲಿ ಸಂಘವಿದ್ದು, ಎರಡು ವರ್ಷಗಳಿಗೂ ಇರುವ ಆಧಾರಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸದಿದ್ದರೆ ಅದು ಬೇರೆ ಇನ್ನಾರ ಕೆಲಸ?